ತೋಟದ ಕಲೆ, ಹತ್ತಿಯ ನೂಲು

ನಮ್ಮ ಕಡೆ ಮನೆಗೊಂದು ‘ತೋಟದ ಅಂಗಿ’ ಇರುತ್ತದೆ. ಅದರ ಮೂಲ ಬಣ್ಣ ಯಾವುದೆಂದು ಹೊಲಿಸಿಕೊಂಡವರಿಗೂ ನೆನಪಿರುವುದಿಲ್ಲ. ಬಾಳೆಗೊನೆ ಕಡಿದಾಗ ಸಿಡಿದ ರಸ, ಗೇರುಹಣ್ಣು ಹಿಂಡಿದಾಗ ಬಿದ್ದ ಹನಿ, ಎಳೆ ಅಡಿಕೆಯ ಚೊಗರು, ಎಲ್ಲ ಸೇರಿ ಅದೊಂದು ನಕಾಶೆಯಂತೆ ಕಾಣುತ್ತದೆ. ಟಿವಿಯ ಜಾಹೀರಾತಿನಲ್ಲಿ ಒಂದೇ ಒಗೆತಕ್ಕೆ ಹೋಗುವ ಕಲೆ ನಮ್ಮ ಕೊಯಿಲದ ಅಂಗಿಯಿಂದ ಮಾತ್ರ ಹೋಗುವುದಿಲ್ಲ. ಬಟ್ಟೆ ಒಗೆಯುವವರಿಗೆ ಇದು ತಲೆನೋವು. ಆದರೆ ನೂಲಿಗೆ ಬಣ್ಣ ಹಾಕುವವರನ್ನು ಕೇಳಿ ನೋಡಿ. ತಿಕ್ಕಿದರೂ ತೊಳೆದರೂ ಬಿಡದ ಕಲೆಯನ್ನೇ ಅವರು ‘ಗಟ್ಟಿ ಬಣ್ಣ’ ಎನ್ನುವುದು.

ಈ ಮಾತು ನನ್ನ ಮೊಮ್ಮಕ್ಕಳ ತಲೆಗೆ ಹೊಕ್ಕಿದ್ದು ಕಳೆದ ಆಟಿ ತಿಂಗಳಲ್ಲಿ. ಆಟಿಯ ಮಳೆ ಎಂದರೆ ಗೊತ್ತಲ್ಲ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೋ ಇಲ್ಲವೋ ಎಂದು ಮಕ್ಕಳು ರಾತ್ರಿಯಿಂದಲೇ ಮೊಬೈಲ್ ನೋಡುತ್ತ ಕೂರುವ ಕಾಲ. ರಜೆ ಸಿಕ್ಕಿದ ಮೇಲೆ ಏನು ಮಾಡುವುದು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅಂಗಳಕ್ಕೆ ಇಳಿಯುವಂತಿಲ್ಲ, ಕರೆಂಟು ಇರುವುದಿಲ್ಲ. ಆರನೆಯ ತರಗತಿಯ ಮೊಮ್ಮಗಳು, ಮೂರನೆಯ ತರಗತಿಯ ಮೊಮ್ಮಗ, ಇಬ್ಬರೂ ಚಾವಡಿಯಲ್ಲಿ ಜಗಳಕ್ಕೆ ಕಾರಣ ಹುಡುಕುತ್ತಿದ್ದರು. ನಾನು ದೀಪದ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಅರಳೆಯನ್ನು ಚಿಟಿಕೆಯಷ್ಟು ಎಳೆದು ಅಂಗೈಯಲ್ಲಿ ತಿರುಚಿದರೆ ಬತ್ತಿ ಆಗುತ್ತದೆ. ಅದನ್ನೇ ಎಳೆಯುತ್ತ ತಿರುಚುತ್ತ ಹೋದರೆ ನೂಲಾಗುತ್ತದೆ. “ಇಷ್ಟೆಯಾ ಅಜ್ಜಿ?” ಎಂದಳು ಮೊಮ್ಮಗಳು. ಇಷ್ಟೆಯೇ.

ಅಜ್ಜಿಯಂದಿರೇ, ಬತ್ತಿ ಹೊಸೆಯಬಲ್ಲ ನಿಮಗೆಲ್ಲ ನೂಲು ತೆಗೆಯುವ ಅರ್ಧ ವಿದ್ಯೆ ಬಂದ ಹಾಗೆಯೇ. ನಮ್ಮ ಕಾಲದ ಶಾಲೆಯಲ್ಲಿ ತಕಲಿ ಇತ್ತು, ನೆನಪಿದೆಯೇ? ಬುಗುರಿಯ ಹಾಗೆ ತಿರುಗುವ ಸಣ್ಣ ಕಡ್ಡಿ. ಒಂದು ಕೈಯಲ್ಲಿ ಅರಳೆ, ಇನ್ನೊಂದರಲ್ಲಿ ತಕಲಿ. ಎಳೆ ತುಂಡಾದರೆ ಮೇಷ್ಟ್ರ ಕಣ್ಣು ಕೆಂಪು. ಜನಿವಾರದ ನೂಲನ್ನು ಮನೆಯಲ್ಲೇ ತೆಗೆಯುತ್ತಿದ್ದ ಅಜ್ಜಂದಿರೂ ಇದ್ದರು. ಎಲ್ಲದರ ಗುಟ್ಟು ಒಂದೇ, ತಿರುಚು. ತಿರುಚಿದಾಗ ಹತ್ತಿಯ ಸಣ್ಣ ಸಣ್ಣ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ತೆಂಗಿನ ನಾರನ್ನು ತೊಡೆಯ ಮೇಲೆ ಹೊಸೆದು ಹಗ್ಗ ಮಾಡುವುದೂ ಇದೇ ವಿದ್ಯೆಯೇ.

ಮನೆಯ ಸುತ್ತ ನಾರಿಗೇನೂ ಬರವಿಲ್ಲ. ತೆಂಗಿನ ನಾರಿದೆ, ಬಾಳೆಯ ನಾರಿದೆ. ಶಂಕರಪುರದ ಮಲ್ಲಿಗೆಯ ಅಟ್ಟಿ ಬಿಚ್ಚುವಾಗ ನೋಡಿ, ಹೂವನ್ನು ಕಟ್ಟಿರುವುದು ಬಾಳೆಯ ನಾರಿನಲ್ಲಿಯೇ. ಆದರೆ ಮಕ್ಕಳ ಕೈಗೆ ಇವೆರಡೂ ಒರಟು. ಕುರಿಯ ಉಣ್ಣೆ ನಮ್ಮಲ್ಲಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಉಣ್ಣೆಯ ಕುರಿಗೆ ಹೇಳಿದ್ದಲ್ಲ. ಅದು ಚಿತ್ರದುರ್ಗ, ಚಳ್ಳಕೆರೆಯ ಒಣ ಬಯಲಿನ ಪ್ರಾಣಿ. ಅಲ್ಲಿ ಕುರಿ ಸಾಕುವ ಮನೆಗಳಲ್ಲೇ ಕಪ್ಪು ಉಣ್ಣೆ ನೂತು, ನೂಲಿಗೆ ಹುಣಿಸೆಬೀಜದ ಗಂಜಿ ಬಳಿದು ಗಟ್ಟಿ ಮಾಡಿ ಕಂಬಳಿ ನೇಯುತ್ತಾರೆ. ತಮಾಷೆಯೆಂದರೆ, ಆ ಒಣ ಊರಿನ ಕಂಬಳಿಗೆ ಬೆಲೆ ಇದ್ದದ್ದು ಮಳೆಯ ಊರಿನಲ್ಲಿ. ಗದ್ದೆಯಲ್ಲಿ ಕೆಲಸ ಮಾಡುವವರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆಯೂ ಚಳಿಯೂ ಒಳಗೆ ಬರುತ್ತಿರಲಿಲ್ಲ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ.

ಹಾಗಾಗಿ ನಮಗೆ ಉಳಿದದ್ದು ಹತ್ತಿ. ಅದೂ ಘಟ್ಟದ ಮೇಲಿನಿಂದ ಬರಬೇಕಾದದ್ದೇ. ಪೇಟೆಯಲ್ಲಿ ಟೈಲರ್ ಸಾಮಾನಿನ ಅಂಗಡಿಗೆ ಹೋಗಿ ದಪ್ಪ ಹತ್ತಿ ನೂಲು ಕೇಳಿ. ‘ಉಲ್ಲನ್’ ಎಂದು ಬಣ್ಣಬಣ್ಣದ ಉಂಡೆ ತೋರಿಸುತ್ತಾರೆ. ಅದರಲ್ಲಿ ಹೆಚ್ಚಿನದು ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಜಾತಿಯ ಎಳೆ. ಕಂಡುಹಿಡಿಯಲು ಸುಲಭ ಉಪಾಯ ಒಂದಿದೆ. ಬೆರಳುದ್ದದ ತುಂಡನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಬೇಕು. ಇದು ದೊಡ್ಡವರು ಮಾಡುವ ಕೆಲಸ, ಮಕ್ಕಳು ದೂರ ನಿಂತು ನೋಡುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಹಗುರ ಬೂದಿ ಉಳಿಯುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಅದಕ್ಕೆ ನಮ್ಮ ತೋಟದ ಬಣ್ಣ ಹಿಡಿಯುವುದಿಲ್ಲ.

ರಟ್ಟಿನ ಮಗ್ಗ

ಮಗ್ಗಕ್ಕೆ ಮರ, ಬಡಗಿ ಯಾವುದೂ ಬೇಡ. ದಪ್ಪ ರಟ್ಟಿನ ಪೆಟ್ಟಿಗೆಯಿಂದ 15 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಅರ್ಧ ಸೆಂಟಿಮೀಟರಿಗೊಂದು ಕಚ್ಚು ಹಾಕಿ. ನೂಲಿನ ತುದಿಯನ್ನು ಹಿಂಬದಿಗೆ ಅಂಟಿಸಿ, ಮೇಲಿನ ಕಚ್ಚಿನಿಂದ ಕೆಳಗಿನ ಕಚ್ಚಿಗೆ, ಮತ್ತೆ ಪಕ್ಕದ ಕಚ್ಚಿನಿಂದ ಮೇಲಕ್ಕೆ ಎಳೆಯುತ್ತ ಬನ್ನಿ. ಉದ್ದಕ್ಕೆ ನಿಂತ ಈ ಎಳೆಗಳೇ ‘ಹಾಸು’. ಇದರ ನಡುವೆ ಅಡ್ಡಕ್ಕೆ ಹೋಗುವ ಎಳೆ ‘ಹೊಕ್ಕು’. ಯಾವುದಾದರೂ ಸಂಗತಿ ಬಿಡಿಸಲಾಗದಂತೆ ಬೆರೆತಿದ್ದರೆ ‘ಹಾಸುಹೊಕ್ಕಾಗಿದೆ’ ಎನ್ನುತ್ತೇವಲ್ಲ, ಆ ಮಾತು ಬಂದದ್ದು ಮಗ್ಗದಿಂದ.

ಗೋಣಿ ಹೊಲಿಯುವ ದಬ್ಬಣಕ್ಕೆ ಹೊಕ್ಕಿನ ನೂಲು ಪೋಣಿಸಿ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಹೀಗೆ ಆ ಬದಿಗೆ ಹೋಗಿ. ಬರುವಾಗ ಮೇಲೆ ಹೋದಲ್ಲಿ ಕೆಳಗೆ, ಕೆಳಗೆ ಹೋದಲ್ಲಿ ಮೇಲೆ. ಎರಡು ಮೂರು ಸಾಲಾದ ಮೇಲೆ ಹಳೆಯ ಬಾಚಣಿಗೆಯಿಂದ ಮೆಲ್ಲ ಕೆಳಕ್ಕೆ ಒತ್ತಿ. ನಿಜವಾದ ಮಗ್ಗದಲ್ಲಿ ಈ ಒತ್ತುವ ಕೆಲಸ ಮಾಡುವುದಕ್ಕೆ ‘ಹಣಿಗೆ’ ಇದೆ. ಅದೂ ಬಾಚಣಿಗೆಯೇ, ಹೆಸರೂ ಅದೇ. ಹೊಕ್ಕಿನ ನೂಲನ್ನು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ. ನಮ್ಮ ದಬ್ಬಣ ಬಡವರ ಲಾಳಿ ಎಂದುಕೊಳ್ಳಿ.

ಮೊಮ್ಮಗಳ ಮೊದಲ ತುಂಡು ಹತ್ತು ಸಾಲಿನಲ್ಲಿ ಡಮರುವಿನ ಆಕಾರಕ್ಕೆ ಬಂತು. ಎರಡು ತುದಿ ಅಗಲ, ನಡು ಸಪೂರ. ಎಲ್ಲ ಹೊಸಬರಿಗೂ ಹೀಗೇ ಆಗುತ್ತದೆ. ಹೊಕ್ಕನ್ನು ಬಿಗಿಯಾಗಿ ಎಳೆದಾಗ ಅಂಚಿನ ಎಳೆಗಳು ಒಳಕ್ಕೆ ಬರುತ್ತವೆ. ಹೊಕ್ಕಿನ ನೂಲನ್ನು ನೇರವಾಗಿ ಎಳೆಯದೆ ಕಾಮನಬಿಲ್ಲಿನಂತೆ ಬಾಗಿಸಿ ಇಟ್ಟು, ಆಮೇಲೆ ಬಾಚಣಿಗೆಯಿಂದ ಒತ್ತಿದರೆ ಅಂಚು ನೇರ ಉಳಿಯುತ್ತದೆ. ಡಮರುವನ್ನು ಬಿಚ್ಚೋಣವೇ ಎಂದು ಕೇಳಿದೆ. ಅವಳು ಒಪ್ಪಲಿಲ್ಲ. ಅದೀಗ ಅಜ್ಜನ ಕಾಫಿ ಲೋಟದ ಕೆಳಗಿದೆ. ಎರಡನೆಯ ತುಂಡು ನೆಟ್ಟಗೆ ಬಂತು. ಅದನ್ನು ಎರಡು ಮಡಿಸಿ ಬದಿ ಹೊಲಿದು ಕನ್ನಡಕದ ಚೀಲ ಮಾಡಿದ್ದಾಳೆ.

ನೇಯ್ಗೆ ಹುಡುಗಿಯರದ್ದು, ತನಗೆ ಬೇಡ ಎಂದು ಮೊಮ್ಮಗ ದೂರ ಕುಳಿತಿದ್ದ. ಅವನಿಗೆ ಜೇಡರ ದಾಸಿಮಯ್ಯನ ಕತೆ ಹೇಳಬೇಕಾಯಿತು. ಬಸವಣ್ಣನವರಿಗಿಂತಲೂ ಮೊದಲಿನ ವಚನಕಾರ ಎಂದು ಹೇಳುವ ದಾಸಿಮಯ್ಯ ಬಟ್ಟೆ ನೇಯುತ್ತಿದ್ದವನು. ಜೇಡ ಎಂದರೆ ನೇಕಾರನೂ ಹೌದು, ಬಲೆ ನೇಯುವ ಹುಳವೂ ಹೌದು. “ಸ್ಪೈಡರ್‌ಮ್ಯಾನ್!” ಎಂದು ಕೂಗಿದ ಹುಡುಗ ಆಮೇಲೆ ದಬ್ಬಣ ಬಿಡಲಿಲ್ಲ. ದಾಸಿಮಯ್ಯ ಕ್ಷಮಿಸಲಿ.

ಅಜ್ಜನ ಕಡ್ಡಿ

ನಮ್ಮ ಮನೆಯವರಿಗೆ ಮಗ್ಗಕ್ಕಿಂತ ಕಡ್ಡಿಯ ಹೆಣಿಗೆ ಹಿಡಿಸಿತು. (ಹಣಿಗೆ ಬೇರೆ, ಹೆಣಿಗೆ ಬೇರೆ. ಮಕ್ಕಳು ಎರಡನ್ನೂ ಕಲಸಿ ಒಂದು ದಿನ ಚೆನ್ನಾಗಿ ನಗಿಸಿದರು.) ಗಂಡಸರು ಹೆಣೆಯುವುದೇ ಎಂದು ಮೂಗು ಮುರಿಯುವವರು ಒಮ್ಮೆ ಕಡಲ ಬದಿಗೆ ಹೋಗಿ ನೋಡಿ, ಬಲೆ ಹೆಣೆಯುವವರೂ ಹರಿದ ಬಲೆ ರಿಪೇರಿ ಮಾಡುವವರೂ ಗಂಡಸರೇ. ಹಿಂದೆ ಯುರೋಪಿನ ಪೇಟೆಗಳಲ್ಲಿ ಕಾಲುಚೀಲ, ಟೋಪಿ ಹೆಣೆಯುವವರ ಸಂಘಗಳಿದ್ದವು. ಅವು ಗಂಡಸರವೇ ಆಗಿದ್ದವು.

ಕಡ್ಡಿ ಕೊಳ್ಳಲಿಲ್ಲ. ಬಲಿತ ಬಿದಿರನ್ನು ಸೀಳಿ ಪೆನ್ಸಿಲಿಗಿಂತ ಸಪೂರಾಗಿ ಹೆರೆದು, ಮರಳು ಕಾಗದದಲ್ಲಿ ಉಜ್ಜಿ, ಎರಡು ದಿನ ತೆಂಗಿನೆಣ್ಣೆ ಹಚ್ಚಿ ಇಟ್ಟರು. ಒಂದು ಸಿಬಿರು ಉಳಿದರೂ ನೂಲು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಉಜ್ಜುವುದರಲ್ಲಿ ಜಿಪುಣತನ ಬೇಡ. ಒಂದು ಕಡ್ಡಿಗೆ 30 ಕುಣಿಕೆ ಏರಿಸಿ, ಬರೀ ‘ಸೀದಾ’ ಹೆಣಿಗೆಯಲ್ಲಿ ಹೋಗುತ್ತ ಬರುತ್ತ ಇದ್ದರೆ ದಪ್ಪನೆಯ, ಎರಡೂ ಬದಿ ಒಂದೇ ತೆರನಾದ ತುಂಡು ಬರುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡಿದರೆ ಮುಂಬದಿ ನುಣುಪು, ಹಿಂಬದಿ ಉಬ್ಬುತಗ್ಗು. ಚೌಕಾಕಾರಕ್ಕೆ ಬಂದ ಮೇಲೆ ಕುಣಿಕೆ ಮುಚ್ಚಿಬಿಡುವುದು. ಮೈ ತಿಕ್ಕಲು ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಪಾತ್ರೆ ತೊಳೆಯಲೂ ಆಗುತ್ತದೆ. ಹಳತಾದರೆ ಗೊಬ್ಬರದ ಗುಂಡಿಗೆ ಹಾಕಬಹುದು, ಕೆಲವು ತಿಂಗಳಲ್ಲಿ ಮಣ್ಣಾಗಿಬಿಡುತ್ತದೆ. ಪ್ಲಾಸ್ಟಿಕ್ ಬ್ರಷ್ಷಿನಿಂದ ಆ ಕೆಲಸ ಆಗುವುದಿಲ್ಲ. ಒಂದೇ ಎಚ್ಚರಿಕೆ, ಹತ್ತಿಯು ಉಣ್ಣೆಯ ಹಾಗೆ ಎಳೆದು ಬಿಟ್ಟರೆ ಹಿಂದಕ್ಕೆ ಬರುವುದಿಲ್ಲ. ಟೋಪಿ, ಸ್ವೆಟರ್ ಹೆಣೆದರೆ ಜೋಲುತ್ತದೆ. ಸ್ವೆಟರ್ ನಮ್ಮೂರಿಗೆ ಬೇಕಾದ್ದೂ ಅಲ್ಲ.

ಹಂಡೆಯ ಬಣ್ಣ

ಮಕ್ಕಳಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬಣ್ಣ. ಸಾಗರ, ಹೊಸನಗರದ ಕಡೆ ಕೆಂಪಡಿಕೆ ಮಾಡುತ್ತಾರೆ. ಎಳೆ ಅಡಿಕೆ ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ನೀರೇ ಚೊಗರು. ಹೆಗ್ಗೋಡು ಸಮೀಪದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ ಎಂಬ ಮಹಿಳೆಯರ ಸಂಸ್ಥೆಯಲ್ಲಿ ಈ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ. ಆ ಕಂದುಗೆಂಪಿನ ಜುಬ್ಬ ಹಾಕಿಕೊಂಡವರನ್ನು ನೀವೂ ನೋಡಿರಬಹುದು. ನಮ್ಮ ಪುತ್ತೂರು, ಸುಳ್ಯ, ಕಡಬದಲ್ಲಿ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವುದು. ಬೇಯಿಸುವುದಿಲ್ಲ, ಹಾಗಾಗಿ ಚೊಗರಿನ ಹಂಡೆಯೂ ಇಲ್ಲ. ಆದರೆ ಉದುರಿದ ನಳ್ಳಿ ಇದೆಯಲ್ಲ! ಬೇಸಗೆಯಲ್ಲಿ ಬಿಸಿಲಿಗೆ ಉದುರುವುದು ಒಂದಷ್ಟು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಉದುರುವುದು ಇನ್ನಷ್ಟು. ಕೊಳೆ ಬಂದ ವರ್ಷ ತೋಟಕ್ಕೆ ಹೋದರೆ ಹೊಟ್ಟೆ ಉರಿಯುತ್ತದೆ. ಆ ಉರಿಯ ನಡುವೆ ಒಂದು ಬುಟ್ಟಿ ಕಾಯಿ ಹೆಕ್ಕಿ ತಂದು ಬಣ್ಣವಾದರೂ ಮಾಡೋಣ ಅನ್ನುವುದು ನನ್ನ ಲೆಕ್ಕ. ಕೊಳೆತು ನಾರುವುದನ್ನು ಬಿಟ್ಟು, ಹೊಸದಾಗಿ ಬಿದ್ದ ಹಸಿರು ಕಾಯಿಯನ್ನಷ್ಟೇ ಆರಿಸಿ. ಮದ್ದು ಬಿಟ್ಟ ತೋಟವಾದರೆ ಮೂರು ನೀರಿನಲ್ಲಿ ತೊಳೆಯಲೇಬೇಕು. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ, ಅದು ವಿಷ.

ಮೊದಲು ನೂಲನ್ನು ಸಜ್ಜು ಮಾಡಬೇಕು. ಹತ್ತಿಯ ಎಳೆಗೆ ಹುಟ್ಟಿನಿಂದ ಮೇಣದ ಒಂದು ಪದರ ಇರುತ್ತದೆ. ಅದು ಹೋಗದೆ ಬಣ್ಣ ಒಳಗೆ ಇಳಿಯುವುದಿಲ್ಲ. 100 ಗ್ರಾಂ ನೂಲನ್ನು ಸಡಿಲವಾದ ಲಡಿ ಮಾಡಿ, ನಾಲ್ಕು ಕಡೆ ದಾರ ಕಟ್ಟಿ, ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ. ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು ನೋಡಿ ಮಕ್ಕಳಿಗೆ ಆಶ್ಚರ್ಯ, ಬಿಳಿಯ ನೂಲಿನಿಂದ ಇಷ್ಟು ಕೊಳೆಯೇ ಎಂದು. ಚೆನ್ನಾಗಿ ಜಾಲಾಡಿಸಿ ಇಡಿ.

ಅಡಿಕೆ ಕಾಯಿ ಅರ್ಧ ಕಿಲೋದಷ್ಟು ಜಜ್ಜಿ, ಮುಳುಗುವಷ್ಟು ನೀರು ಹಾಕಿ, ಬಚ್ಚಲ ಒಲೆಯಲ್ಲಿ ಒಂದು ಗಂಟೆ ಕುದಿಸಿ, ಸೋಸಿ. ಸೋಸಿದ ನೀರಿಗೆ ಒದ್ದೆ ನೂಲನ್ನು ಇಳಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಆಮೇಲೆ ಒಲೆ ಆರಿಸಿ ರಾತ್ರಿಯೆಲ್ಲ ಹಾಗೇ ಬಿಟ್ಟುಬಿಡಿ. ಬೆಳಿಗ್ಗೆ ಹಿಂಡಿ, ಪಟಿಕ ಕರಗಿಸಿದ ಬಿಸಿ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ. ಪಟಿಕ ಎಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುವ ಬಿಳಿಕಲ್ಲು. 100 ಗ್ರಾಂ ನೂಲಿಗೆ 15 ಗ್ರಾಂ ಸಾಕು. ಹತ್ತಿಗೆ ಪಟಿಕ ತಾನಾಗಿ ಅಂಟುವುದಿಲ್ಲ, ಮೊದಲು ಚೊಗರು ಹಿಡಿದಿರಬೇಕು. ಹಳೆಯ ಬಣ್ಣಗಾರರು ಅದಕ್ಕೆ ಅಳಲೆಕಾಯಿ ಬಳಸುತ್ತಿದ್ದರು. ಅಡಿಕೆಯಲ್ಲಿ ಚೊಗರು ತುಂಬಿರುವುದರಿಂದ ನಮಗೆ ಆ ಒಂದು ಕೆಲಸ ಉಳಿಯುತ್ತದೆ. ನೆರಳಿನಲ್ಲಿ ಒಣಗಿಸಿದರೆ ಹಳೆಯ ಇಟ್ಟಿಗೆಯ ಬಣ್ಣ, ಒಮ್ಮೊಮ್ಮೆ ಅದಕ್ಕಿಂತ ತಿಳಿ. ಎರಡು ಸಲ ಮಾಡಿದರೆ ಎರಡು ಬಣ್ಣ ಬರುತ್ತದೆ. ಅಂಗಡಿಯ ಹಾಗೆ ಒಂದೇ ಬಣ್ಣ ಬೇಕೆಂದು ಹಟ ಹಿಡಿಯುವವರು ಈ ಕೆಲಸಕ್ಕೆ ಇಳಿಯಬಾರದು.

ಇನ್ನು ಮಂತ್ರವಾದಿಯ ಆಟ. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ಹಾಕಿಟ್ಟಿದ್ದೆ. ಆ ನೀರನ್ನು ಇನ್ನೊಂದು ಬಾಲ್ದಿಗೆ ಸ್ವಲ್ಪ ಬೆರೆಸಿ, ಕೆಂಪು ನೂಲಿನ ಒಂದು ತುದಿಯನ್ನು ಅದ್ದಿದೆ. ಎಣಿಸುವಷ್ಟರಲ್ಲಿ ಕೆಂಪು ಹೋಗಿ ಕರಿಬೂದು! ಚೊಗರಿಗೂ ಕಬ್ಬಿಣಕ್ಕೂ ಹೀಗೆ ಕೂಡಲೇ ಹೊಂದಿಕೆಯಾಗುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುವುದೂ ಅದಕ್ಕೇ. ಕಬ್ಬಿಣದ ನೀರು ಹೆಚ್ಚಾದರೆ ನೂಲು ಬೇಗ ಜೀರ್ಣವಾಗುತ್ತದೆ, ಸ್ವಲ್ಪದರಲ್ಲಿ ನಿಲ್ಲಿಸಿ. ಅರಿಶಿನದ ಬಣ್ಣ ನೋಡಲು ಚಂದ, ಬಿಸಿಲಿಗೆ ನಿಲ್ಲುವುದಿಲ್ಲ. ಪುನರ್ಪುಳಿಯನ್ನು ಕುಡಿದುಬಿಡುವುದು ಒಳ್ಳೆಯದು. ಬಣ್ಣಕ್ಕೆ ಬಳಸಿದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ. ಒಲೆಯ ಹತ್ತಿರದ ಕೆಲಸ ದೊಡ್ಡವರದ್ದು.

ಅರವತ್ತು ಕಿಲೋಮೀಟರ್ ನೂಲು

ಕನ್ನಡಕದ ಚೀಲ ಮುಗಿದ ದಿನ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. “ಇದನ್ನು ಮಾರಿದರೆ ಎಷ್ಟು ಸಿಗಬಹುದು ಅಜ್ಜಿ?” ಮೂರು ಸಂಜೆ ಕುಳಿತು ಮಾಡಿದ್ದು. ಪೇಟೆಯಲ್ಲಿ ಅಂಥ ಚೀಲಕ್ಕೆ ಯಾರೂ ಐವತ್ತು ರೂಪಾಯಿಗಿಂತ ಹೆಚ್ಚು ಕೊಡಲಾರರು. ಅವಳ ಮುಖ ಸಣ್ಣದಾಯಿತು. ಆಗ ನಾನು ಕಪಾಟಿನಿಂದ ನನ್ನ ಅತ್ತೆಯ ಉಡುಪಿ ಸೀರೆಯನ್ನು ಹೊರಗೆ ತೆಗೆದೆ.

ನಾನು ಹುಟ್ಟಿದ್ದು ಕಿನ್ನಿಗೋಳಿಯ ಕಡೆ. ನಮ್ಮ ಮನೆಯ ಆಚೆ ಶೆಟ್ಟಿಗಾರರ ನಾಲ್ಕು ಮನೆಗಳಿದ್ದವು. ನೇಯ್ಗೆಯೇ ಅವರ ಕುಲಕಸುಬು. ಬೆಳಿಗ್ಗೆ ಏಳುವಾಗ ಮಗ್ಗದ ಸದ್ದು, ಮಲಗುವಾಗಲೂ ಅದೇ ಸದ್ದು. ಅಂಗಳದಲ್ಲಿ ಲಡಿಗಳನ್ನು ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸುತ್ತಿದ್ದರು. ಅಜ್ಜಿಯಂದಿರು ರಾಟೆಯಲ್ಲಿ ಕಂಡಿಕೆ ಸುತ್ತಿಕೊಡಬೇಕು, ಮಕ್ಕಳು ತುಂಡಾದ ಎಳೆ ಗಂಟು ಹಾಕಬೇಕು. ಒಂದು ಸೀರೆಯ ಹಿಂದೆ ಇಡೀ ಮನೆ ಇರುತ್ತಿತ್ತು. ಮಳೆಗಾಲದಲ್ಲಿ ಗಂಜಿ ಹಾಕಿದ ನೂಲು ಒಣಗದೆ ಮಗ್ಗ ನಿಂತರೆ ಆ ವಾರದ ಸಂಪಾದನೆಯೂ ನಿಂತಂತೆ. ನಾನು ಮದುವೆಯಾಗಿ ಕೊಯಿಲಕ್ಕೆ ಬರುವಷ್ಟರಲ್ಲಿ ಎರಡು ಮನೆಯ ಗಂಡುಮಕ್ಕಳು ಮುಂಬೈಗೆ ಹೋಗಿಯಾಗಿತ್ತು. ಹೆಣ್ಣುಮಕ್ಕಳ ಮಡಿಲಿಗೆ ಬೀಡಿ ಎಲೆಯ ತಡ್ಪೆ ಬಂದಿತ್ತು. ಬೀಡಿ ಕಟ್ಟಿದರೆ ವಾರಕ್ಕೊಮ್ಮೆ ದುಡ್ಡು ಕೈಗೆ ಸಿಗುತ್ತದೆ, ಸೀರೆ ಮಾರಾಟವಾಗುವ ತನಕ ಕಾಯಬೇಕಾಗಿಲ್ಲ. ಅವರನ್ನು ತಪ್ಪೆನ್ನಲು ನನಗೆ ಬಾಯಿ ಬಾರದು.

ಉಡುಪಿ ಸೀರೆಯ ನೂಲು ಹೆಚ್ಚಾಗಿ 80ರ ಕೌಂಟಿನದು. ಕೌಂಟು ಎಂದರೇನು ಎಂದು ಮೊಮ್ಮಗಳು ಕೇಳಿದಳು. 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಕೌಂಟು. 80 ಲಡಿ ಬೇಕಾದರೆ 80ರ ನೂಲು, ಸಂಖ್ಯೆ ಹೆಚ್ಚಾದಷ್ಟೂ ನೂಲು ಸಪೂರ. ಅವಳು ಪುಸ್ತಕದ ಹಿಂದೆ ಗುಣಿಸಿದಳು. 80 ಸಲ 840 ಎಂದರೆ 67,200 ಗಜ, ಅಂದರೆ ಸುಮಾರು 61 ಕಿಲೋಮೀಟರ್. ಅರ್ಧ ಕಿಲೋಗೂ ಕಡಿಮೆ ತೂಕದ ನೂಲನ್ನು ಬಿಚ್ಚಿ ಎಳೆಯುತ್ತ ಹೋದರೆ ಕೊಯಿಲದಿಂದ ಹೊರಟು ಉಪ್ಪಿನಂಗಡಿ, ಬಂಟ್ವಾಳ ದಾಟಿ ಹೆಚ್ಚುಕಡಿಮೆ ಮಂಗಳೂರು ಪೇಟೆ ಮುಟ್ಟುತ್ತದೆ!

ಇನ್ನೊಂದು ಲೆಕ್ಕ. ಅಡ್ಡಕ್ಕೆ ಅಂಗುಲಕ್ಕೆ 60 ಎಳೆ ಎಂದು ಇಟ್ಟುಕೊಳ್ಳೋಣ. ಐದೂವರೆ ಮೀಟರಿನ ಸೀರೆ ಎಂದರೆ 216 ಅಂಗುಲ. ಲಾಳಿ ಸುಮಾರು 13,000 ಸಲ ಅತ್ತಿಂದಿತ್ತ ಹೋಗಬೇಕು. ಪ್ರತಿ ಸಲವೂ ಕಾಲು ತುಳಿಯಬೇಕು, ಕೈ ಎಳೆಯಬೇಕು, ಹಣಿಗೆ ಬಡಿಯಬೇಕು. ಮೊಮ್ಮಗಳು ತನ್ನ ಕನ್ನಡಕದ ಚೀಲದ ಸಾಲು ಎಣಿಸಿದಳು. ನೂರು ದಾಟಿರಲಿಲ್ಲ. “ಮತ್ತೆ ಮಿಲ್ಲಿನ ಸೀರೆ ಅಷ್ಟು ಕಡಿಮೆಗೆ ಹೇಗೆ ಕೊಡ್ತಾರೆ?” ಎಂದಳು. ವಿದ್ಯುತ್ ಮಗ್ಗಕ್ಕೆ ಕಾಲು ನೋಯುವುದಿಲ್ಲ, ಒಬ್ಬನೇ ಹಲವು ಮಗ್ಗ ನೋಡಿಕೊಳ್ಳುತ್ತಾನೆ. ಸೀರೆ, ಬೈರಾಸುಗಳಂಥ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಿಂದ ಇದೆ. ಆದರೂ ವಿದ್ಯುತ್ ಮಗ್ಗದ ಬಟ್ಟೆ ಕೈಮಗ್ಗದ್ದೆಂದು ಹೆಸರು ಹೇಳಿಕೊಂಡು ಮಾರಾಟವಾಗುವುದು ನಿಂತಿಲ್ಲ.

ನಮ್ಮ ಜಿಲ್ಲೆಗೆ ನೇಯ್ಗೆ ಹೊಸತೇನಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1844ರಲ್ಲೇ ನೇಯ್ಗೆ ಶುರುಮಾಡಿದ್ದರು. 1851ರಲ್ಲಿ ಯುರೋಪಿನಿಂದ ಹಾಲರ್ ಎಂಬ ನೇಕಾರ ಬಂದ ಮೇಲೆ ಅದು ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು. ಪೊಲೀಸರ ಖಾಕಿ ಬಣ್ಣ ಹುಟ್ಟಿದ್ದು ಅಲ್ಲಿಯೇ ಎಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ನೇಕಾರರ ಸಹಕಾರಿ ಸಂಘಗಳು ಬಂದವು, ಒಂದೊಂದಾಗಿ ಸೊರಗಿದವು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದಾಗ ಅದನ್ನು ನೇಯಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದರು. ಹೆಚ್ಚಿನವರಿಗೆ ನನ್ನ ವಯಸ್ಸು. ಅದಾದ ಮೇಲೆ ಕಾರ್ಕಳದ ಕದಿಕೆ ಟ್ರಸ್ಟಿನವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಬಿಟ್ಟುಹೋದವರನ್ನು ಮತ್ತೆ ಮಗ್ಗಕ್ಕೆ ಕರೆತಂದಿದ್ದಾರೆ, ಹೊಸಬರಿಗೆ ಕಲಿಸುತ್ತಿದ್ದಾರೆ. ಅಡಿಕೆಯ ಚೊಗರಿನಂಥ ಬಣ್ಣಗಳಲ್ಲಿ ಅದ್ದಿದ ಉಡುಪಿ ಸೀರೆಯೂ ಈಗ ಬರುತ್ತಿದೆ. ಸೆರಗಿನಲ್ಲಿ ನೇಕಾರರ ಹೆಸರಿನ ಚೀಟಿ ಇರುತ್ತದೆ. ನನಗೆ ಅದು ಬಹಳ ಹಿಡಿಸಿತು. ಅತ್ತೆಯ ಸೀರೆ ನೇಯ್ದವರು ಯಾರೆಂದು ನಮಗೆ ಗೊತ್ತಿಲ್ಲವಲ್ಲ.

ಅಂಗಡಿಗೆ ಹೋದಾಗ ಮಕ್ಕಳನ್ನೇ ಪರೀಕ್ಷಕರನ್ನಾಗಿ ಮಾಡಿ. ಕೈಮಗ್ಗದ ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ಸಣ್ಣ ತೂತುಗಳು ಸಾಲಾಗಿ ಕಾಣಬಹುದು. ನೇಯುವಾಗ ಬಟ್ಟೆ ಡಮರುವಾಗದಂತೆ ಎರಡು ಅಂಚನ್ನು ಎಳೆದು ಹಿಡಿಯಲು ಮುಳ್ಳಿರುವ ಕೋಲು ಚುಚ್ಚುತ್ತಾರೆ, ಅದರ ಗುರುತು ಅದು. ನನ್ನ ಮೊಮ್ಮಗಳು ಅತ್ತೆಯ ಸೀರೆಯ ಅಂಚಿನಲ್ಲಿ ಆ ತೂತುಗಳನ್ನು ತಾನೇ ಹುಡುಕಿದಳು. “ಅವರಿಗೂ ಡಮರು ಆಗ್ತಿತ್ತಾ?” ಎಂದು ಕೇಳಿದಳು. ಆಗುತ್ತಿತ್ತು ಎಂಬುದಕ್ಕೇ ಆ ಕೋಲು.

ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಸ್ವದೇಶಿ ಚಳವಳಿ ಶುರುವಾಯಿತು. ಆ ನೆನಪಿಗೆ 2015ರಿಂದ ಈ ದಿನವನ್ನು ಆಚರಿಸುತ್ತಾರೆ. ಅದು ಬರುವುದೂ ಆಟಿಯಲ್ಲೇ, ಮಳೆಯ ರಜೆಗಳ ನಡುವೆ. ಕಿನ್ನಿಗೋಳಿಯ ಕಡೆಗೆ ಹೋಗುವವರಿದ್ದರೆ ಮೊದಲೇ ವಿಚಾರಿಸಿ, ಮಗ್ಗ ನಡೆಯುವ ದಿನ ನೋಡಿ ಮಕ್ಕಳನ್ನು ಕರೆದುಕೊಂಡು ಹೋಗಿ. ಕೆಲಸದ ನಡುವೆ ನೇಕಾರರನ್ನು ಮಾತನಾಡಿಸಿ ಎಳೆ ತಪ್ಪಿಸಬೇಡಿ, ಪಕ್ಕದಲ್ಲಿ ಸುಮ್ಮನೆ ನಿಂತು ಲಾಳಿ ನೋಡಿದರೆ ಸಾಕು. ನಾವು ಈ ಸಲ ಹೋಗಬೇಕೆಂದಿದ್ದೇವೆ. ಮೊಮ್ಮಗನಿಗೆ ಮಾತ್ರ ಅದಕ್ಕಿಂತ ದೊಡ್ಡ ಯೋಜನೆ ಇದೆ. ಅಜ್ಜನಿಗೆ ಬೈರಾಸು ನೇಯುತ್ತಾನಂತೆ. ಅಷ್ಟುದ್ದದ ರಟ್ಟು ಬೇಕೆಂದು ಉಪ್ಪಿನಂಗಡಿಯ ಅಂಗಡಿಯೊಂದರಲ್ಲಿ ಫ್ರಿಜ್ಜಿನ ಪೆಟ್ಟಿಗೆ ಕೇಳಿ ಬಂದಿದ್ದಾನೆ. ಮುಂದಿನ ಫ್ರಿಜ್ಜು ಮಾರಾಟವಾದಾಗ ಕೊಡುತ್ತೇವೆ ಎಂದಿದ್ದಾರಂತೆ.